ಅದು ಹೆಂಡ ಅಲ್ಲ ಸಾರ್, ಅಂಬಲಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ದಕ್ಷಿಣ ಆಫ್ರಿಕಾದ ಅಡುಗೆ ಬಗ್ಗೆ ಬಂದಿದ್ದು ಓದಿದೆ, ಚೆನ್ನಾಗಿತ್ತು, ಆದ್ರೆ ಅಮಹೇವು ಅನ್ನೋ ಹುಳಿ ಬರಿಸಿದ ಮೆಕ್ಕೆಜೋಳದ ಗಂಜಿ ಫೋಟೋ ಕೆಳಗೆ 'ಮೆಕ್ಕೆಜೋಳದ ಹೆಂಡ' ಅಂತ ಹಾಕಿದೀರಲ್ಲ, ಅದನ್ನ ನೋಡಿ ಸುಮ್ನೆ ಇರಕ್ಕಾಗ್ಲಿಲ್ಲ. ಯಜಮಾನ್ರ ಕೆಲಸದ ಮೇಲೆ ನಾಲ್ಕು ವರ್ಷ ಡರ್ಬನ್‌ನಲ್ಲಿ ಇದ್ದು ಬಂದವಳು ನಾನು. ಅಲ್ಲಿ ಇದನ್ನ ಸ್ಕೂಲಿಗೆ ಹೋಗೋ ಮಕ್ಕಳೂ ಕುಡಿತಾರೆ, ಕೆಲಸಕ್ಕೆ ಹೋಗೋರು ಬಾಟ್ಲಿಲಿ ಒಯ್ತಾರೆ, ಅಂಗಡಿಲಿ ರೆಡಿಮೇಡೂ ಸಿಗುತ್ತೆ. ಹೆಂಡ ಬೇರೆನೇ ಇದೆ, ಉಮ್‌ಕೊಂಬೋತಿ ಅಂತಾರೆ, ಅದಕ್ಕೆ ಮೆಕ್ಕೆಜೋಳದ ಜೊತೆ ಮೊಳಕೆ ಬರಿಸಿ ಒಣಗಿಸಿದ ಜೋಳದ ಹಿಟ್ಟು ಬೇಕು, ಯೀಸ್ಟ್ ಕೆಲಸ ಮಾಡಿ ಅಮಲು ಬರೋವರೆಗೂ ಬಿಡ್ತಾರೆ. ಅಮಹೇವು ಹುಳಿ ಬರೋದು ಮೊಸರು ಹುಳಿಯಾಗೋ ಥರದ ಬ್ಯಾಕ್ಟೀರಿಯಾದಿಂದ ಅಷ್ಟೇ.

ನಂಗೆ ಕಲಿಸಿದ್ದು ಪಕ್ಕದ ಮನೆ ಅಜ್ಜಿ, ಎಲ್ರೂ ಅವರನ್ನ ಗೋಗೋ ಅಂತಿದ್ರು, ಜುಲು ಭಾಷೇಲಿ ಅಜ್ಜಿ ಅಂತಲೇ ಅರ್ಥ. ಒಂದು ಲೋಟ ಮೆಕ್ಕೆಜೋಳದ ಹಿಟ್ಟಿಗೆ ಎಂಟೊಂಬತ್ತು ಲೋಟ ನೀರು. ಹಿಟ್ಟನ್ನ ಮೊದ್ಲು ತಣ್ಣೀರಲ್ಲಿ ಕಲಸ್ಕೊಂಡು ಆಮೇಲೆ ಕುದಿಯೋ ನೀರಿಗೆ ಹಾಕಿ ತಿರುವ್ತಾ ಇರ್ಬೇಕು, ಇಲ್ಲಾಂದ್ರೆ ಗಂಟು ಗಂಟು, ಅರ್ಧ ಗಂಟೆ ಸಣ್ಣ ಉರಿಲಿ ಬೇಯಬೇಕು, ಹಸಿ ವಾಸನೆ ಹೋಗ್ಬೇಕು. ಆಮೇಲೆ ಆರಕ್ಕೆ ಬಿಟ್ಟು, ಬೆರಳು ಅದ್ದಿದ್ರೆ ಉಗುರುಬೆಚ್ಚಗೆ ಇರುವಾಗ ಎರಡು ಚಮಚ ಹಸಿ ಗೋಧಿಹಿಟ್ಟು ಹಾಕಿ ಕದಡಿ ಬಟ್ಟೆ ಮುಚ್ಚಿಡೋದು. ಹೆಪ್ಪು ಅಂದ್ರೆ ಆ ಗೋಧಿಹಿಟ್ಟೇ. ನಿಮ್ಮ ಬರಹದಲ್ಲಿ ಎಲ್ಲಾ ಒಟ್ಟಿಗೆ ಹಾಕಿ ಕುದಿಸಿ ಅಂತ ಇದೆ, ಮೊದ್ಲನೇ ಸಲ ನಾನು ಮಾಡಿದ್ದೂ ಇದನ್ನೇ, ಬಿಸಿ ಗಂಜಿಗೇ ಗೋಧಿಹಿಟ್ಟು ಸುರಿದುಬಿಟ್ಟೆ, ಮಾರನೇ ದಿನ ನೋಡಿದ್ರೆ ಹುಳಿನೂ ಇಲ್ಲ ಏನೂ ಇಲ್ಲ, ಬರೀ ಲೋಳೆ ಗಂಜಿ. ಗೋಗೋ ಚಮಚ ಎತ್ತಿ ನೋಡಿ, ಹಿಟ್ಟಲ್ಲಿ ಇರೋದನ್ನೆಲ್ಲ ಸಾಯಿಸಿಬಿಟ್ಟಿದೀಯ, ಇನ್ನು ಹುಳಿ ಬರಿಸೋರು ಯಾರು ಅಂತ ನಕ್ಕುಬಿಟ್ರು.

ಡರ್ಬನ್ ಸೆಖೆಗೆ ಒಂದು ದಿನ ಸಾಕು, ಚಳಿಗಾಲ ಆದ್ರೆ ಎರಡು ದಿನ. ಮೇಲೆ ತೆಳ್ಳಗೆ ನೀರು ನಿಲ್ಲುತ್ತೆ, ಅಂಚಲ್ಲಿ ಸಣ್ಣ ಸಣ್ಣ ಗುಳ್ಳೆ, ಮೂಗಿಗೆ ದೋಸೆಹಿಟ್ಟು ಹುಳಿ ಬಂದ ವಾಸನೆ, ಆಗ ಕದಡಿ ಸಕ್ಕರೆ ಹಾಕ್ಕೊಂಡು ಕುಡಿಯೋದು. ಬೂಸ್ಟು ಕಂಡ್ರೆ ಮಾತ್ರ ಯೋಚ್ನೆ ಮಾಡ್ದೆ ಚೆಲ್ಲಿಬಿಡಿ. ಬಾಟ್ಲಿಗೆ ತುಂಬಿ ಮುಚ್ಚಳ ಬಿಗಿ ಮಾಡ್ಬೇಡಿ, ಆ ಗ್ಯಾಸಿಗೆ ನಮ್ಮ ಅಡುಗೆಮನೆ ಸೀಲಿಂಗು ಒಂದ್ಸಲ ಬಲಿಯಾಗಿದೆ.

ಮೊದ್ಲ ಗುಟುಕು ಕುಡಿದಾಗ ನಮ್ಮೂರಿನ ನನ್ನಜ್ಜಿ ಮನೆ ರಾಗಿ ಅಂಬಲಿನೇ ಕಣ್ಮುಂದೆ ಬಂತು. ಹಾಗೆ ನೋಡಿದ್ರೆ ನಮ್ಮ ರಾಗಿ, ರೊಟ್ಟಿ ಜೋಳ ಎರಡರ ತವರೂ ಆಫ್ರಿಕಾನೇ, ಮೆಕ್ಕೆಜೋಳ ಮಾತ್ರ ಅವರಿಗೂ ನಮಗೂ ಅಮೆರಿಕ ಕಡೆಯಿಂದ ಬಂದಿದ್ದು.

ದಾವಣಗೆರೆಗೆ ವಾಪಸ್ ಬಂದ್ಮೇಲೂ ಮಾಡ್ತಿದೀನಿ. ನಮ್ಮ ಜಿಲ್ಲೆಲಿ ಎಲ್ಲಿ ನೋಡಿದ್ರೂ ಮೆಕ್ಕೆಜೋಳ, ಆದ್ರೆ ಎರಡು ಕೆಜಿ ತಗೊಂಡು ಗಿರಣಿಗೆ ಹೋದ್ರೆ ಅಲ್ಲಿಯ ಹುಡುಗ 'ಕೋಳಿಗಾ ಅಕ್ಕ, ನುಚ್ಚು ಮಾಡ್ಲಾ' ಅಂತಾನೆ. ಡರ್ಬನ್ ಕಡೆಯದು ಬಿಳಿ ಕಾಳು, ಇಲ್ಲಿಯದು ಹಳದಿ, ಬಣ್ಣ ಬೇರೆ ಬರುತ್ತೆ, ರುಚಿನೂ ಅಷ್ಟಿಷ್ಟು ಬೇರೆ, ಹುಳಿ ಮಾತ್ರ ಅದೇ.

ನಮ್ಮ ಅತ್ತೆ ಆರು ತಿಂಗಳಿಂದ ದಿನಾ ಬೆಳಿಗ್ಗೆ ಅರ್ಧ ಲೋಟ ಕುಡಿತಿದ್ರು. ಭಾನುವಾರ ನಿಮ್ಮ ಪೇಪರ್ ನೋಡಿ 'ಇಷ್ಟು ದಿನ ನಂಗೆ ಹೆಂಡ ಕುಡಿಸಿದೆಯೇನೇ' ಅಂದೋರು ಅವತ್ತಿಂದ ಲೋಟ ಮುಟ್ಟಿಲ್ಲ. ದಯವಿಟ್ಟು ಒಂದು ತಿದ್ದುಪಡಿ ಹಾಕಿ, ಅವರು ಓದೋ ಹಾಗೆ ಸ್ವಲ್ಪ ದೊಡ್ಡ ಅಕ್ಷರದಲ್ಲಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ದಾವಣಗೆರೆ