ಎಐ ಪತ್ತೆ ಟೂಲ್ ಮತ್ತು ಮಕ್ಕಳ ಪ್ರಬಂಧ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಎಐ (ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆ) ಬರೆದದ್ದು ಎಂದು ಪತ್ತೆ ಟೂಲ್ ಹೇಳಿತೆಂದು ಪ್ರಬಂಧಕ್ಕೆ ಅಂಕ ಕಳೆಯುವುದನ್ನು ಈ ತಿಂಗಳಿಂದ ನಿಲ್ಲಿಸಿದ್ದೇವೆ. ಕೆಲವರಿಗೆ ಇದರಿಂದ ಬೇಸರವಾಗಿದೆ. "ನನ್ನ ಮಗ ರಾತ್ರಿಯೆಲ್ಲ ಕೂತು ಬರೆದ. ಚಾಟ್‌ಜಿಪಿಟಿಯಿಂದ ಇಳಿಸಿದವರಿಗೂ ಅಷ್ಟೇ ಅಂಕನಾ?" ಎಂದು ಒಬ್ಬ ತಾಯಿ ಕೇಳಿದರು. ಆ ಮಾತಿನಲ್ಲಿ ನ್ಯಾಯವಿದೆ.

ಆದರೂ ನಿಲ್ಲಿಸಿದ್ದು ಯಾಕೆ ಹೇಳುತ್ತೇನೆ. ಕಳೆದ ತಿಂಗಳು ಎಂಟನೇ ತರಗತಿಯ ಹುಡುಗಿಯೊಬ್ಬಳ ಇಂಗ್ಲಿಷ್ ಪ್ರಬಂಧ ಎಐ ಬರೆದದ್ದು ಎಂದು ಟೂಲ್ ತೋರಿಸಿತು. ಕರೆದು ಕೇಳಿದೆವು. ಅವಳು ಬಾಯಿ ಬಿಡಲಿಲ್ಲ. ಮಾರನೇ ದಿನ ರಫ್ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. ಮೊದಲ ಪ್ಯಾರಾವನ್ನು ಮೂರು ಸಲ ಹೊಡೆದು ಹಾಕಿ ಬರೆದಿದ್ದಳು. ಅರ್ಧಕ್ಕೆ ನೀಲಿ ಇಂಕು ಮುಗಿದು ಕಪ್ಪು ಶುರುವಾಗಿತ್ತು. ಸ್ಪೆಲಿಂಗ್ ಅನುಮಾನ ಇದ್ದ ಕಡೆ ಪೆನ್ಸಿಲ್‌ನಲ್ಲಿ ಸಣ್ಣ ಪ್ರಶ್ನೆ ಗುರುತು. ಆ ಪುಟ ನೋಡಿ ನನಗೆ ತುಂಬಾ ಸಂಕಟವಾಯಿತು. ಅವಳ ಹತ್ತಿರವೂ ಮನೆಯವರ ಹತ್ತಿರವೂ ಕ್ಷಮೆ ಕೇಳಿದ್ದೇನೆ.

ಯಾರು ಬರೆದರು ಅನ್ನುವುದು ಈ ಟೂಲ್‌ಗಳಿಗೆ ಕಾಣುವುದಿಲ್ಲ. ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬಂಥ ಲೆಕ್ಕ ಹಾಕಿ, ಸುಲಭವಾಗಿದ್ದರೆ ಎಐ ಬರೆದದ್ದು ಎನ್ನುತ್ತವೆ ಅಷ್ಟೇ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಸರಳ ಪದಗಳಲ್ಲೇ ಬರೆಯುತ್ತಾರೆ ಅಲ್ವಾ? ಸಿಕ್ಕಿಬೀಳುವುದೂ ಅವರೇ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು 7 ಟೂಲ್‌ಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧ ಎಐ ಬರೆದದ್ದು ಎಂದು ಬಂತು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕೂಡ ತನ್ನ ಪತ್ತೆ ಟೂಲ್ ಸರಿಯಾಗಿ ಹೇಳುತ್ತಿಲ್ಲವೆಂದು ಅದೇ ವರ್ಷ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದು ಬಂದು ಆರು ತಿಂಗಳೂ ಆಗಿರಲಿಲ್ಲ.

ಹಾಗಂತ ನಕಲಿಗೆ ದಾರಿ ಬಿಟ್ಟಿಲ್ಲ. ಅನುಮಾನ ಬಂದರೆ ಟೀಚರ್ ಪಕ್ಕದಲ್ಲಿ ಕೂರಿಸಿಕೊಂಡು "ಈ ಸಾಲು ಯಾಕೆ ಬರೆದೆ?" ಎಂದು ಕೇಳುತ್ತಾರೆ. ನಕಲು ಖಚಿತವಾದರೆ ಅಂಕ ಇಲ್ಲ. ಅದರಲ್ಲಿ ರಾಜಿ ಇಲ್ಲ. ಒಂದೆರಡು ನಕಲು ನಮ್ಮ ಕಣ್ಣು ತಪ್ಪಬಹುದು, ಒಪ್ಪುತ್ತೇನೆ. ನಿಮ್ಮ ಸಿಟ್ಟೂ ಅರ್ಥವಾಗುತ್ತದೆ. ಆದರೆ ಟೂಲ್ ತೋರಿಸುವ ಪರ್ಸೆಂಟ್ ಮಾತ್ರ ನೋಡಿ ಯಾವ ಮಗುವನ್ನೂ ಕಳ್ಳ ಅನ್ನುವುದಿಲ್ಲ. ನಾಳೆ ಆ ಜಾಗದಲ್ಲಿ ನಿಮ್ಮ ಮಗುವೇ ನಿಂತಿರಬಹುದು.

ಪ್ರಬಂಧದ ಜೊತೆ ರಫ್ ಪುಟಗಳನ್ನೂ ಕಳಿಸಿ.

ಮಾತಾಡಬೇಕು ಅನ್ನಿಸಿದರೆ ಶಾಲೆ ಬಿಟ್ಟ ಮೇಲೆ ಬನ್ನಿ, ಆಫೀಸಿನಲ್ಲೇ ಇರುತ್ತೇನೆ.

ಇಂತಿ,
ಮುಖ್ಯೋಪಾಧ್ಯಾಯಿನಿ