‘ಬಿಟ್ಟಿ’ ಎಂದರೆ ವಾದವಾಯಿತೇ?

ಮಾನ್ಯ ಸಂಪಾದಕರೇ,

2023ರ ಜೂನ್ 11ರಂದು ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡುವ ‘ಶಕ್ತಿ’ ಯೋಜನೆ ಜಾರಿಯಾದಾಗಿನಿಂದ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳ ಚರ್ಚೆಯಲ್ಲಿ ‘ಬಿಟ್ಟಿ ಭಾಗ್ಯ’ ಎಂಬ ಮಾತೇ ವಾದದ ಜಾಗವನ್ನು ಆಕ್ರಮಿಸಿಕೊಂಡಿದೆ. ಬೊಕ್ಕಸದ ಹೊರೆ, ಬಸ್ಸುಗಳ ಕೊರತೆ ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ‘ಬಿಟ್ಟಿ’ ಎಂದೊಡನೆ ಪ್ರಶ್ನೆಗಿಂತ ಮೊದಲೇ ತೀರ್ಪು ಹೊರಬಿದ್ದು, ನಸುಕಿನಲ್ಲೇ ಬುತ್ತಿ ಹಿಡಿದು ಗಾರ್ಮೆಂಟ್ಸ್‌ ಕೆಲಸಕ್ಕೆ ಹೊರಡುವ ಹೆಣ್ಣುಮಗಳು ಸೋಮಾರಿ ಎನಿಸಿಕೊಳ್ಳುತ್ತಾಳೆ. ಕೂಲಿ ಕೊಡದೆ ದುಡಿಸಿಕೊಳ್ಳುವುದಕ್ಕೂ ನಮ್ಮಲ್ಲಿ ‘ಬಿಟ್ಟಿ ಚಾಕರಿ’ ಎಂದೇ ಹೆಸರಿರುವುದನ್ನು ಹೀಗೆ ಹೇಳುವವರು ನೆನೆಯಬೇಕು. ಇತ್ತ, ಖರ್ಚಿನ ಲೆಕ್ಕ ಕೇಳಿದವರನ್ನೆಲ್ಲ ‘ಬಡವರ ವಿರೋಧಿ’ ಎಂದು ಬಾಯಿ ಮುಚ್ಚಿಸುವುದೂ ಅಷ್ಟೇ ಪೊಳ್ಳು ವಾದ. ಅಂಕಿಅಂಶ ಕೇಳಿದರೆ ‘ನಿಮ್ಮ ಕಾಲದಲ್ಲಿ ಏನಾಗಿತ್ತು’ ಎಂಬುದು ಉತ್ತರವಲ್ಲ. ಸಾರಿಗೆ ನಿಗಮಗಳಿಗೆ ಎಷ್ಟು ಪಾವತಿಯಾಗಿದೆ, ಎಷ್ಟು ಬಾಕಿಯಿದೆ ಎಂಬುದನ್ನು ಸರ್ಕಾರ ಪ್ರತಿ ತಿಂಗಳೂ ಪ್ರಕಟಿಸಲಿ.

– ಓದುಗರೊಬ್ಬರು, ತುಮಕೂರು