ಬ್ರೋಶರ್ ಸಾಕು, ಕರಾರುಪತ್ರ ಕಳಿಸು

ಕಲಬುರಗಿ

ಗೆಳೆಯಾ,

ನೀವಿಬ್ಬರೂ ಹೋಗಿ ಇರಲು ಯೋಚಿಸುತ್ತಿರುವ ಹಿರಿಯರ ವಸತಿಗಳದೆಂದು ನೀನು ಕಳಿಸಿದ ಮೂರೂ ಬ್ರೋಶರ್ ನೋಡಿದೆ. ಎರಡು ಬೆಂಗಳೂರಿನ ಹೊರವಲಯದವು, ಒಂದು ಹೈದರಾಬಾದಿನದು. ಮೂರರಲ್ಲೂ ಬಿಳಿಗೂದಲಿನ ಗಂಡ-ಹೆಂಡತಿ ನಗುತ್ತ ಸೈಕಲ್ ಹೊಡೆಯುತ್ತಿದ್ದಾರೆ. ಸೈಕಲ್ ಹೊಡೆಯುವಷ್ಟು ಗಟ್ಟಿ ಇದ್ದವರಿಗೆ ಸೇಡಂ ರಸ್ತೆಯ ಸ್ವಂತ ಮನೆ ಸಾಲದೇನೋ? ಹಿರಿಯರ ವಸತಿಗೆ ರೊಕ್ಕ ಕಟ್ಟುವುದು ಕಾಲು ಸೋತ ದಿನಕ್ಕಾಗಿ. ಆ ದಿನದ ಬಗ್ಗೆ ಮೂರರಲ್ಲೂ ಒಂದೊಂದೇ ಸಾಲು: ‘ಅಗತ್ಯಕ್ಕೆ ತಕ್ಕಂತೆ ಆರೈಕೆ ಲಭ್ಯ’. ನನ್ನ ತಕರಾರೆಲ್ಲ ಆ ಸಾಲಿನ ಮೇಲೆಯೇ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮನಸ್ಸು ಮುರಿಯಲಿಕ್ಕೇ ಬರೆದಿದ್ದಾನೆ ಅಂತೀಯ. ನಳ ಕೆಟ್ಟರೆ, ಮೋಟರ್ ಸುಟ್ಟರೆ ಯಾರನ್ನೂ ಹುಡುಕಿಕೊಂಡು ಅಲೆಯಬೇಕಿಲ್ಲ. ಬೀಗ ಹಾಕಿ ಮಗಳ ಮನೆಗೆ ತಿಂಗಳುಗಟ್ಟಲೆ ಹೋಗಿಬರಬಹುದು. ಸಂಜೆ ಮಾತಿಗೆ ಜನ ಸಿಗುತ್ತಾರೆ. ಇನ್ನೊಂದು ದೊಡ್ಡ ಲಾಭವನ್ನು ಗಂಡಸರು ಲೆಕ್ಕಕ್ಕೇ ಹಿಡಿಯುವುದಿಲ್ಲ: ನಿನ್ನ ಹೆಂಡತಿಗೆ, ಅಂದರೆ ನಮ್ಮ ವೈನಿಯವರಿಗೆ, ಒಲೆಯಿಂದ ರಜೆ. ಮೊಣಕಾಲು ನೋವಿಟ್ಟುಕೊಂಡು ದಿನಕ್ಕೆ ಎರಡು ಹೊತ್ತು ನಿಂತು ರೊಟ್ಟಿ ಬಡಿಯುವವರಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಈ ವಿಷಯದಲ್ಲಿ ಅವರ ಮತಕ್ಕೆ ನಿನ್ನ ಮತಕ್ಕಿಂತ ತೂಕ ಹೆಚ್ಚು ಕೊಡು.

ಈಗ ಆ ಸಾಲಿಗೆ ಬರೋಣ. ಇಂಥ ಕಡೆ ಆರೈಕೆ ಸಾಮಾನ್ಯವಾಗಿ ಮೂರು ಹಂತದಲ್ಲಿರುತ್ತದೆ. ತಮ್ಮ ಸ್ನಾನ, ಬಟ್ಟೆ, ಊಟ ತಾವೇ ನೋಡಿಕೊಳ್ಳುವವರದು ಒಂದು. ಸ್ನಾನಕ್ಕೆ, ಮಾತ್ರೆಗೆ, ಏಳಲು ಕೂಡಲು ಒಬ್ಬರ ಕೈ ಬೇಕಾದವರದು ಎರಡನೆಯದು. ಮರೆವಿನ ಕಾಯಿಲೆಯವರು, ಹಾಸಿಗೆ ಹಿಡಿದವರು ಮೂರನೆಯದರಲ್ಲಿ. ಬ್ರೋಶರಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ ದರ ಮೊದಲ ಹಂತದ್ದು. ಉಳಿದೆರಡರ ದರಪಟ್ಟಿಯನ್ನು ಬರಹದಲ್ಲಿ ಕೇಳು. ಹಂತ ಏರಿದಾಗ ಕೋಣೆ ಬದಲಿಸಬೇಕಾಗುತ್ತದೆಯೇ, ನೀವಿಬ್ಬರೂ ಒಂದೇ ಕೋಣೆಯಲ್ಲಿ ಇರಬಹುದೇ, ಒಬ್ಬರ ಹಂತ ಏರಿದರೆ ಇಬ್ಬರ ದರವೂ ಏರುತ್ತದೆಯೇ ಎಂದು ಕೇಳು. ಹಂತ ಏರಿದೆ ಎಂದು ತೀರ್ಮಾನಿಸುವವರು ಯಾರು, ಅವರ ನರ್ಸೋ ನಿನ್ನ ಡಾಕ್ಟರೋ, ಅದನ್ನೂ ಕೇಳು. ಕೊನೆಯ ಪುಟಗಳಲ್ಲೆಲ್ಲೋ ‘ಸಂಸ್ಥೆಯು ಒದಗಿಸಲಾಗದ ಮಟ್ಟದ ಆರೈಕೆ ಬೇಕಾದಲ್ಲಿ ನಿವಾಸಿಯು ಬೇರೆ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು’ ಎಂಬ ಧಾಟಿಯ ಕಲಮು ಇರಬಹುದು. ಇದ್ದರೆ ಅದರ ಅರ್ಥ ನೇರ: ಯಾವ ದಿನಕ್ಕಾಗಿ ನೀನು ದುಡ್ಡು ಕಟ್ಟಿದೆಯೋ ಆ ದಿನ ನಿನ್ನನ್ನು ಹೊರಗೆ ಕಳಿಸುವ ಹಕ್ಕು ಅವರ ಕೈಯಲ್ಲಿದೆ. ಎಷ್ಟು ದಿನದ ನೋಟಿಸ್, ಠೇವಣಿ ವಾಪಸ್ ಹೇಗೆ, ಬೇರೆ ಜಾಗ ಸಿಗುವ ತನಕ ನೋಡಿಕೊಳ್ಳುವವರು ಯಾರು, ಇವು ಬರಹದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡ.

ರಾತ್ರಿಯದು ಬೇರೆಯೇ ಲೆಕ್ಕ. ‘24 ತಾಸು ನರ್ಸ್’ ಎಂದರೆ ಎಷ್ಟು ಮನೆಗೆ ಎಷ್ಟು ನರ್ಸ್? ರಾತ್ರಿ ಪಾಳಿಯಲ್ಲಿ ತರಬೇತಾದ ನರ್ಸ್ ಇರುತ್ತಾರೋ, ಬರೀ ಸಹಾಯಕಿಯೋ? ಮಾದರಿ ಮನೆ ತೋರಿಸುವವನನ್ನು ಬಿಟ್ಟು ಬಚ್ಚಲಮನೆಗೆ ಹೋಗಿ ತುರ್ತು ಗಂಟೆ ಎಲ್ಲಿದೆ ನೋಡು. ಕಮೋಡಿನ ಪಕ್ಕ ನಾಲ್ಕು ಅಡಿ ಎತ್ತರಕ್ಕೆ ಚಂದದ ಕೆಂಪು ಬಟನ್ ಕೂಡಿಸಿರುತ್ತಾರೆ. ಬಿದ್ದವನು ನೆಲದ ಮೇಲಿರುತ್ತಾನೆ. ಸೊಂಟದ ಮೂಳೆ ಮುರಿದವನ ಕೈ ನಾಲ್ಕು ಅಡಿ ಮೇಲೇಳುವುದಿಲ್ಲ. ಬಟನ್ನಿನಿಂದ ಒಂದು ಹಗ್ಗ ಇಳಿದು ನೆಲಕ್ಕೆ ಗೇಣುದ್ದ ಬಾಕಿ ಇರುವಂತೆ ತೂಗುತ್ತಿರಬೇಕು. ಎಷ್ಟೋ ಕಡೆ ಹಗ್ಗ ಇರುತ್ತದೆ, ಆದರೆ ನೆಲ ಒರೆಸಲು ಅಡ್ಡ ಬರುತ್ತದೆಂದು ಕೆಲಸದವರು ಅದನ್ನು ಸುತ್ತಿ ಮೇಲೆ ಸಿಕ್ಕಿಸಿರುತ್ತಾರೆ. ಹಾಗೆ ಕಂಡರೆ ಅಲ್ಲಿ ಗಂಟೆಯ ತಪಾಸಣೆಯೇ ನಡೆಯುತ್ತಿಲ್ಲ ಎಂದು ತಿಳಿ.

ಬಚ್ಚಲಮನೆಯಲ್ಲಿದ್ದಾಗಲೇ ಇಂಚು ಟೇಪು ತೆಗೆ. ಬಾಗಿಲು ಮೂರು ಅಡಿ ಅಗಲ ಇರಬೇಕು, ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರ ಮೈಯೇ ಅಡ್ಡವಾಗುತ್ತದೆ, ಒಡೆದೇ ಒಳಗೆ ಹೋಗಬೇಕು. ಗಾಲಿಕುರ್ಚಿ ತಿರುಗಲು ಐದು ಅಡಿ ಸುತ್ತಳತೆಯ ಜಾಗ ಸಾಲದು, ಐದು ಅಡಿ ಅಡ್ಡಳತೆಯ ಖಾಲಿ ನೆಲ ಬೇಕು. ಕಮೋಡಿನ ಸೀಟು ನೆಲದಿಂದ ಹದಿನೆಂಟು ಇಂಚು ಎತ್ತರ. ಹಿಡಿಕಂಬಿ ಒಂದೂವರೆ ಇಂಚು ದಪ್ಪ, ಇಟ್ಟಿಗೆಯೊಳಗೆ ಬೋಲ್ಟ್ ಹೋಗಿರಬೇಕು. ಬರೀ ಟೈಲ್ಸಿಗೆ ಕಚ್ಚಿಸಿದ್ದು ಟವೆಲ್ಲಿಗೆ ಸರಿ, ಮೈಭಾರಕ್ಕೆ ಕಿತ್ತು ಕೈಗೆ ಬರುತ್ತದೆ. ಇಳಿಜಾರು ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ತೆಗೆದುಕೊಳ್ಳಬೇಕು. ಲಿಫ್ಟಿನ ಆಳ ಅಳೆ: ಸ್ಟ್ರೆಚರ್ ಉದ್ದಕ್ಕೆ ಮಲಗಿದಂತೆ ಒಳಗೆ ಹೋಗಬೇಕು. ಹೋಗದಿದ್ದರೆ ಉಸಿರು ಕಟ್ಟಿದ ಮನುಷ್ಯನನ್ನು ಕೂರಿಸಿಯೋ ನಿಲ್ಲಿಸಿಯೋ ಇಳಿಸುತ್ತಾರೆ. ಜನರೇಟರ್ ಇದೆ ಅಂದರೆ ಅದು ಯಾವುದಕ್ಕೆಲ್ಲ ಕರೆಂಟ್ ಕೊಡುತ್ತದೆ ಕೇಳು. ಲಿಫ್ಟು, ಓಣಿದೀಪಕ್ಕೆ ಮಾತ್ರವೋ, ಕೋಣೆಯ ಫ್ಯಾನಿಗೂ ಆಕ್ಸಿಜನ್ ಯಂತ್ರಕ್ಕೂ ಇದೆಯೋ?

ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಕೇಳಬೇಡ. ಸಂಜೆ ಆರಕ್ಕೆ ಆ ಗೇಟಿನಿಂದ ಹೊರಟು ನೀನೇ ಹೋಗಿ ನೋಡು. ಲಕ್ವಾ ಹೊಡೆದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ತಾಸಿನ ಗಡುವು, ಅದರೊಳಗೇ ಸಿಟಿ ಸ್ಕ್ಯಾನ್ ಮುಗಿದು ಮೆದುಳಿನಲ್ಲಿ ರಕ್ತಸ್ರಾವ ಇಲ್ಲ ಎಂದು ಖಾತ್ರಿಯಾಗಬೇಕು. ಗಡುವು ಇದೆ ಅಂತ ತಡಮಾಡುವ ಹಾಗಿಲ್ಲ, ಹೋದ ಒಂದೊಂದು ನಿಮಿಷವೂ ನಷ್ಟವೇ. ರಾತ್ರಿ ಬಿದ್ದವನನ್ನು ಬೆಳಿಗ್ಗೆ ಚಹಾ ತರುವ ಹುಡುಗ ನೋಡುವ ಜಾಗದಲ್ಲಿ ಈ ಲೆಕ್ಕವೆಲ್ಲ ಮುಗಿದಂತೆ. ಇಲ್ಲಿ ಕಲಬುರಗಿಯಲ್ಲಿ ಸರ್ಕಾರಿ ಆಸ್ಪತ್ರೆ ಜಿಮ್ಸ್, ಹೃದಯದ ಆಸ್ಪತ್ರೆ ಜಯದೇವ, ಸೇಡಂ ರಸ್ತೆಯ ಇಎಸ್‌ಐ ಮತ್ತು ಬಸವೇಶ್ವರ ಆಸ್ಪತ್ರೆ, ಎಲ್ಲವೂ ನಿನ್ನ ಮನೆಗೆ ಹತ್ತಿರ. ಹೊರವಲಯದ ವಸತಿಗೆ ಹೋದರೆ ಈ ಹತ್ತಿರವನ್ನು ಬಿಟ್ಟು ಹೋಗುತ್ತೀಯ. ಅವರ ಆಂಬುಲೆನ್ಸ್ ಅವರದೇಯೋ, 108ಕ್ಕೆ ಫೋನ್ ಮಾಡುತ್ತಾರೋ? ಚಾಲಕ ರಾತ್ರಿ ಅಲ್ಲೇ ಮಲಗುತ್ತಾನೋ?

ರೊಕ್ಕದ ಮಾತು. ಮೂರು ಬಗೆ ಇವೆ: ಕೊಳ್ಳುವುದು, ದೊಡ್ಡ ಠೇವಣಿ ಇಟ್ಟು ವಾಸಿಸುವುದು, ತಿಂಗಳ ಬಾಡಿಗೆ. ಕೊಂಡರೆ ಮನೆ ನಿನ್ನದೇ, ಆದರೆ ಇಂಥ ಕಡೆ ವಾಸಕ್ಕೆ ಕನಿಷ್ಠ 55 ಅಥವಾ 60 ವಯಸ್ಸಾಗಿರಬೇಕೆಂಬ ಮಿತಿ ಇರುವುದು ರೂಢಿ. ಮಕ್ಕಳಿಗೆ ಆಸ್ತಿ ಹೋಗುತ್ತದೆ, ಆ ವಯಸ್ಸಾಗುವ ತನಕ ಅವರು ಅಲ್ಲಿ ಇರುವ ಹಾಗಿಲ್ಲ. ಮಾರಬೇಕೆಂದರೆ ಕೊಳ್ಳುವವರು ಕಡಿಮೆ, ಮಾರಾಟವಾಗುವ ತನಕ ಖಾಲಿ ಮನೆಗೂ ನಿರ್ವಹಣಾ ಶುಲ್ಕ ಕಟ್ಟುತ್ತಲೇ ಇರಬೇಕು. ಠೇವಣಿಯದು ಬೇರೆ ತೊಡಕು. ವರ್ಷಕ್ಕೆ ಎಷ್ಟು ಕಡಿತ ಎಂಬುದನ್ನು ಎಲ್ಲರೂ ಕೇಳುತ್ತಾರೆ, ಯಾವಾಗ ವಾಪಸ್ ಎಂಬುದನ್ನು ಮರೆಯುತ್ತಾರೆ. ‘ಮುಂದಿನ ನಿವಾಸಿ ಬಂದು ಹಣ ಕಟ್ಟಿದ ಮೇಲೆ’ ಎಂದಿದ್ದರೆ ಅದಕ್ಕೆ ದಿನಾಂಕವೇ ಇಲ್ಲ ಎಂದರ್ಥ. ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ, ಒಬ್ಬರು ಹೋದ ಮೇಲೆ ಇನ್ನೊಬ್ಬರ ಹಕ್ಕು ಮತ್ತು ದರ ಎರಡೂ ಬರೆದಿರಲಿ.

ತಿಂಗಳ ಖರ್ಚಿಗೆ ಒಂದು ಉದಾಹರಣೆ ಲೆಕ್ಕ ಹಾಕಿ ತೋರಿಸುತ್ತೇನೆ. ಊಟ, ನಿರ್ವಹಣೆ ಸೇರಿ ಇಬ್ಬರಿಗೆ 35,000 ಎಂದಿಟ್ಟುಕೊ. ನೀವಿಬ್ಬರೂ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ ಮಿತಿ 30 ಲಕ್ಷದಂತೆ ಇಟ್ಟರೆ, ಶೇ 8.2ರ ದರದಲ್ಲಿ ಬಡ್ಡಿ ಒಬ್ಬರಿಗೆ ತಿಂಗಳಿಗೆ 20,500, ಇಬ್ಬರಿಗೆ 41,000. ಕೈಗೆ ಬರುವುದು ಮೂರು ತಿಂಗಳಿಗೊಮ್ಮೆ, ತೆರಿಗೆ ಬೇರೆ. ಮೇಲ್ನೋಟಕ್ಕೆ ಸಾಕು. ಆದರೆ ಬಡ್ಡಿ ಐದು ವರ್ಷ ಅಲ್ಲೇ ನಿಂತಿರುತ್ತದೆ, ಶುಲ್ಕ ನಿಲ್ಲುವುದಿಲ್ಲ. ವರ್ಷಕ್ಕೆ ಶೇ 8 ಏರಿದರೆ ಮೂರನೇ ಏರಿಕೆಗೆ 44,000 ದಾಟಿತು, ಒಂಬತ್ತನೇ ಏರಿಕೆಗೆ ಸುಮಾರು 70,000. ಇದು ಇಬ್ಬರೂ ಮೊದಲ ಹಂತದಲ್ಲೇ ಉಳಿದರೆ ಮಾತ್ರ. ಹಾಗಾಗಿ ವರ್ಷಕ್ಕೆ ಗರಿಷ್ಠ ಎಷ್ಟು ಏರಿಸಬಹುದು ಎಂಬ ಮಿತಿ ಕರಾರಿನಲ್ಲಿ ಬೇಕು, ‘ಕಾಲಕಾಲಕ್ಕೆ ಪರಿಷ್ಕರಿಸಲಾಗುವುದು’ ಎಂಬುದು ಮಿತಿಯಲ್ಲ. ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೋ ಹೊರಗೋ ಕೇಳು, ಶೇ 18 ಎಂದರೆ 35,000ಕ್ಕೆ 6,300.

ಕಾಗದಪತ್ರದ್ದು ಬೇಗ ಹೇಳುತ್ತೇನೆ, ವಕೀಲರ ಹತ್ತಿರ ಹೇಗೂ ಹೋಗುತ್ತೀಯ. ಕಟ್ಟುತ್ತಿರುವ ಯೋಜನೆಯಾದರೆ ರೇರಾ, ಅಂದರೆ ಮನೆ ಕಟ್ಟಿ ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರದ, ನೋಂದಣಿ ಸಂಖ್ಯೆ ನೋಡು. ಬೆಂಗಳೂರಿನದಕ್ಕೆ ಕರ್ನಾಟಕ ರೇರಾ, ಹೈದರಾಬಾದಿನದಕ್ಕೆ ತೆಲಂಗಾಣದ್ದು. ಮಾರಾಟ ಕರಾರು ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ರೇರಾ ಕಾಯುವುದು ಗೋಡೆಯನ್ನು. ಊಟ, ನರ್ಸ್, ಗಂಟೆ ಇವೆಲ್ಲ ಸೇವಾ ಕರಾರಿನ ಪಾಲು, ಅದನ್ನು ನಡೆಸುವ ಕಂಪನಿ ಕಟ್ಟಿದವರಿಗಿಂತ ಬೇರೆಯೇ ಇರಬಹುದು. ಕಟ್ಟಿದವರು, ಸೇವೆ ಕೊಡುವವರು, ನೀನು, ಮೂವರ ಸಹಿಯೂ ಒಂದೇ ಕರಾರಿನಲ್ಲಿದ್ದರೆ ನಾಳೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ತಪ್ಪುತ್ತದೆ.

ಇನ್ನು ಊಟ. ನಗಬೇಡ, ಆರೈಕೆಯ ವಿಷಯ ಬಿಟ್ಟರೆ ಜನ ಇಂಥ ವಸತಿ ಬಿಟ್ಟುಬರುವುದಕ್ಕೆ ಇದೂ ಕಾರಣವಾಗುತ್ತದೆ. ಬೆಂಗಳೂರು ಕಡೆಯ ಅಡುಗೆಮನೆ ಅನ್ನ-ಸಾರು, ಇಡ್ಲಿ, ಚಪಾತಿ ಮೇಲೆ ನಡೆಯುತ್ತದೆ. ‘ಜೋಳದ ರೊಟ್ಟಿ ವಾರಕ್ಕೆರಡು ಸಲ ಇರುತ್ತದೆ’ ಎನ್ನುತ್ತಾರೆ. ಎಂಬತ್ತು ಜನಕ್ಕೆ ತಲೆಗೆರಡರಂತೆ ನೂರಾ ಅರವತ್ತು ರೊಟ್ಟಿ ಬಡಿಯುವ ಕೈ ಅಲ್ಲಿ ಎಲ್ಲಿಂದ ಬರಬೇಕು? ಬಂದರೂ ಹಿಟ್ಟು ಪ್ಯಾಕೆಟ್ಟಿನದು. ಬೀಸಿ ಬಹಳ ದಿನವಾದ ಜೋಳದ ಹಿಟ್ಟಿನ ಜಿಗಿ ಹೋಗಿರುತ್ತದೆ, ಎಷ್ಟು ಬಿಸಿನೀರು ಹಾಕಿ ನಾದಿದರೂ ಅಂಚು ಬಿರಿಯುತ್ತದೆ. ಕೋಣೆಯಲ್ಲೇ ಮಾಡಿಕೊಳ್ಳೋಣವೆಂದರೆ ಗ್ಯಾಸ್ ಬಿಡುತ್ತಾರೋ ಇಲ್ಲವೋ. ಇಂಡಕ್ಷನ್ ಒಲೆ ಮಾತ್ರ ಇದ್ದರೆ ತಳ ಸಪಾಟಾದ ಕಬ್ಬಿಣದ ತವಾ ಬೇಕು, ಉರಿಗೆ ಹಿಡಿದು ಉಬ್ಬಿಸಲು ಆಗುವುದಿಲ್ಲ, ಬಟ್ಟೆಯಿಂದ ಒತ್ತಿ ಒತ್ತಿ ಬೇಯಿಸಬೇಕು. ಊರಿನಿಂದ ಖಡಕ್ ರೊಟ್ಟಿ ತರಿಸಿಕೊಂಡರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಸರಿ, ಆದರೆ ನಿನ್ನ ಹಲ್ಲಿನ ಸೆಟ್ಟು? ಬ್ಯಾಳಿಯಲ್ಲಿ ನೆನೆಸಿ ತಿನ್ನಬೇಕು. ಪುಂಡಿಪಲ್ಯ, ಶೇಂಗಾ ಹಿಂಡಿ ಕೇಳಿದರೆ ಅಲ್ಲಿಯವರಿಗೆ ಅರ್ಥವೇ ಆಗಲಿಕ್ಕಿಲ್ಲ. ಈ ವಿಷಯದಲ್ಲಿ ಹೈದರಾಬಾದಿಗೆ ಒಂದು ಅಂಕ ಹೆಚ್ಚು: ಅಲ್ಲಿ ಜೊನ್ನ ರೊಟ್ಟೆ ಇದೆ, ಗೋಂಗೂರ ಅಂದರೆ ಪುಂಡಿಯೇ, ನಮ್ಮ ದಖನಿ ಮಾತೂ ನಡೆಯುತ್ತದೆ. ದೂರವೂ ಸುಮಾರು 220 ಕಿಲೋಮೀಟರ್, ಬೆಂಗಳೂರಿನ ಅರ್ಧವೂ ಅಲ್ಲ.

ಊಟದ ಹೊತ್ತನ್ನೂ ಕೇಳು. ನಿನಗೆ ಇನ್ಸುಲಿನ್ ಇದೆ. ರಾತ್ರಿ ಊಟ ಏಳಕ್ಕೆ ಅಂತ ಹೇಳಿ ಎಂಟೂವರೆಗೆ ತಂದರೆ, ಅಷ್ಟರಲ್ಲಿ ಸೂಜಿ ಹಾಕಿಕೊಂಡಿದ್ದರೆ ಸಕ್ಕರೆ ಇಳಿದು ಬೆವರುತ್ತ ಕೂತಿರುತ್ತೀಯ.

ನೋಡಲು ಹೋಗುವುದಾದರೆ ಮೇ ತಿಂಗಳಲ್ಲಿ ಹೋಗಬೇಡ. ನಮ್ಮ 42 ಡಿಗ್ರಿಯಿಂದ ಇಳಿದು ಹೋದವನಿಗೆ ಬೆಂಗಳೂರಿನ ಯಾವ ಕೋಣೆಯೂ ಸ್ವರ್ಗವೇ, ಅಲ್ಲೇ ಚೆಕ್ ಬರೆದುಬಿಡುತ್ತೀಯ. ಡಿಸೆಂಬರಿನಲ್ಲಿ ಹೋಗು, ವೈನಿಯವರ ಮೊಣಕಾಲು ಆ ಚಳಿಗೆ ಏನೆನ್ನುತ್ತದೆ ಕೇಳು. ಒಂದು ದಿನದ ಭೇಟಿ ಬೇಡ. ತಿಂಗಳ ಬಾಡಿಗೆಗೆ ಮೂರು ತಿಂಗಳು ಇದ್ದು ನೋಡಿ. ಅಲ್ಲಿದ್ದಾಗ ಒಂದು ರಾತ್ರಿ ಎರಡು ಗಂಟೆಗೆ ತುರ್ತು ಗಂಟೆ ಒತ್ತು, ಗಡಿಯಾರ ನೋಡುತ್ತ ಕೂಡು. ಬಂದವರು ಬೈದರೆ ಬೈಯಲಿ. ಬಾಡಿಗೆಗೆ ಕೊಡುವುದೇ ಇಲ್ಲ, ಕೊಳ್ಳಲೇಬೇಕು ಎನ್ನುವವರನ್ನು ಪಟ್ಟಿಯಿಂದ ತೆಗೆದುಬಿಡು.

ಆ ಮೂರು ತಿಂಗಳು ಇಲ್ಲಿಯ ಮನೆ ಮಾರುವ ಮಾತೇ ಬೇಡ. ಹೋಗುವ ಭರದಲ್ಲಿ ಮಗನ ಹೆಸರಿಗೆ ದಾನಪತ್ರ ಮಾಡುವುದಂತೂ ಬೇಡವೇ ಬೇಡ, ವಿಲ್ ಬರೆದರೆ ಸಾಕು. ಮಾಡಲೇಬೇಕಾದರೆ ‘ನಮ್ಮಿಬ್ಬರ ಪಾಲನೆ ನೋಡಿಕೊಳ್ಳುವ ಷರತ್ತಿನ ಮೇಲೆ’ ಎಂದು ಪತ್ರದಲ್ಲೇ ಬರೆಸು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನ ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ಮುಂದೆ ಹೋದಾಗ ಮೊದಲು ಹುಡುಕುವುದು ಆ ಸಾಲನ್ನೇ. ನಿನ್ನ ಮಗ ಒಳ್ಳೆಯವನು, ಗೊತ್ತು. ಕಾಗದ ಒಳ್ಳೆಯವರಿಗೂ ಬೇಕಾಗುತ್ತದೆ.

ಇಲ್ಲೇ ಉಳಿಯುವ ದಾರಿಯನ್ನೂ ಒಮ್ಮೆ ತೂಗಿ ನೋಡು. ನಿನ್ನ ಬಚ್ಚಲಿನ ಶಹಾಬಾದ ಫರ್ಸಿ ಕಲ್ಲಿನ ನೆಲ ಬೇಸಿಗೆಯಲ್ಲಿ ಅಂಗಾಲಿಗೆ ತಂಪು, ಆದರೆ ಪಾಲಿಶ್ ಮಾಡಿದ್ದರ ಮೇಲೆ ಸಾಬೂನು ನೀರು ನಿಂತರೆ ಮಂಜುಗಡ್ಡೆ. ಅದನ್ನು ಕಿತ್ತು ಪಾಲಿಶ್ ಇಲ್ಲದ ಒರಟು ಫರ್ಸಿ ಹಾಕಿಸು, ಕಂಬಿ ಕೂಡಿಸು, ಹೊಸ್ತಿಲು ತೆಗೆಸು, ಹಾಸಿಗೆಯಿಂದ ಬಚ್ಚಲ ತನಕ ರಾತ್ರಿ ಉರಿಯುವ ಸಣ್ಣ ದೀಪ ಹಾಕಿಸು. ಮಲಗುವ ಕೋಣೆ ಕೆಳಗಿನ ಅಂತಸ್ತಿಗೆ ಬರಲಿ. ಇಷ್ಟಕ್ಕೆ ಆಗುವ ಖರ್ಚು ಅಲ್ಲಿಯ ಠೇವಣಿಯ ಮುಂದೆ ಚಿಲ್ಲರೆ. ಇಲ್ಲಿ ಕಷ್ಟ ಬರುವುದು ಆಳಿನದು. ಹಗಲೊಬ್ಬರು ರಾತ್ರಿಯೊಬ್ಬರು ಅಂದರೆ ಎರಡು ಪಗಾರ, ಅವರು ಜಾತ್ರೆಗೋ ಮದುವೆಗೋ ಹೋದ ವಾರ ಬದಲಿ ಜನ ಸಿಗುವುದಿಲ್ಲ, ಆಗ ವೈನಿಯವರೇ ಎರಡೂ ಪಾಳಿ ಮಾಡಬೇಕು. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಈಗಾಗಲೇ ಎರಡನೇ ಹಂತದ ಆರೈಕೆ ಬೇಕಿದ್ದರೆ ‘ಹೋಗು’ ಅಂತಲೇ ಹೇಳುತ್ತಿದ್ದೆ. ಇಬ್ಬರೂ ನಡೆದಾಡುತ್ತಿದ್ದೀರಿ. ನನ್ನ ಮತ: ಬಚ್ಚಲು ಈಗಲೇ ರಿಪೇರಿ ಮಾಡಿಸು, ಡಿಸೆಂಬರಿನಲ್ಲಿ ಹೈದರಾಬಾದಿನ ವಸತಿಯಲ್ಲಿ ಬಾಡಿಗೆಗೆ ಇದ್ದು ನೋಡು, ಬೆಂಗಳೂರಿನವೆರಡನ್ನೂ ಬಿಡು.

ಅದಕ್ಕೂ ಮೊದಲು ಮೂವರಿಗೂ ಫೋನ್ ಮಾಡಿ ಖಾಲಿ ಕರಾರುಪತ್ರದ ಪ್ರತಿ ಕೇಳು. ‘ಬುಕಿಂಗ್ ಆದ ಮೇಲೆ ಕೊಡುತ್ತೇವೆ’ ಎಂದವರ ಹೆಸರಿಗೆ ಅಡ್ಡಗೆರೆ ಎಳೆ. ಕೊಟ್ಟವರದನ್ನು ಝೆರಾಕ್ಸ್ ಮಾಡಿಸಿ ನನಗೆ ಕಳಿಸು, ಕೊನೆಯ ಪುಟಗಳು ಬಿಟ್ಟುಹೋಗದಂತೆ.

ನಿನ್ನ ಗೆಳೆಯ